ಹೊಂಗರಿಯ ಹೊಳಪು, ಸಾಸಿವೆಯ ದಾಹ

ಮಕ್ಕಳೇ, ಉದ್ಯಾನ ಎಂದಕೂಡಲೇ ನಿಮ್ಮ ಕಣ್ಣ ಮುಂದೆ ಹುಲ್ಲುಹಾಸು, ಕಾರಂಜಿ, ಗುಲಾಬಿ ಗಿಡಗಳು ಬಂದು ನಿಲ್ಲುತ್ತವೆ, ಅಲ್ಲವೇ? ಅವನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಿ. ಈ ಕತೆ ನಡೆಯುವ ರಾಷ್ಟ್ರೀಯ ಉದ್ಯಾನ ನಮ್ಮ ದೇಶದ ಪಡುವಣ ಅಂಚಿನ ಮರುಭೂಮಿಯಲ್ಲಿದೆ. ಮರಳಿನ ದಿಬ್ಬಗಳು, ಕಲ್ಲು ಚೆಲ್ಲಿದ ಬಯಲು, ಮೊಣಕಾಲೆತ್ತರದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಬನ್ನಿಮರ. ಅಲ್ಲಿರುವುದು ಅಷ್ಟೇ. ವಾಹನದಲ್ಲಿ ಬಂದವರು ಕಿಟಕಿಯಿಂದ ಇಣುಕಿ, "ಏನೂ ಇಲ್ಲವಲ್ಲ!" ಎಂದು ಹೇಳಿ ಹೊರಟುಬಿಡುತ್ತಾರೆ.

ಒಂದು ಗಂಟೆ ಅಲುಗಾಡದೆ ಕುಳಿತು ನೋಡಿದವರಿಗೆ ಬೇರೆಯೇ ಕಾಣುತ್ತದೆ. ಒಣಹುಲ್ಲಿನ ಒಂದು ಕಂತೆ ಕಿವಿ ನಿಮಿರಿಸಿ ಜಿಂಕೆಯಾಗುತ್ತದೆ. ಮರಳಿನ ಗುಪ್ಪೆಯೊಂದು ಕಣ್ಣು ಬಿಟ್ಟು ನರಿಯಾಗುತ್ತದೆ. ಬಯಲಿನಲ್ಲಿ ಬಿದ್ದಿರುವ ಇಪ್ಪತ್ತು ಮೂವತ್ತು ಕಲ್ಲುಗಳು ಒಟ್ಟಿಗೆ ರೆಕ್ಕೆ ಬಡಿದು ಹಾರಿಹೋಗುತ್ತವೆ. ಆ ಹಾರಿಹೋದ ಕಲ್ಲುಗಳೇ ಮರಳು ಗೌಜಲುಗಳು. ಪಾರಿವಾಳದಷ್ಟು ಗಾತ್ರ, ಗಿಡ್ಡ ಕಾಲು, ಮೈಯೆಲ್ಲ ಮರಳಿನದೇ ಬಣ್ಣ.

ಈ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಅದೂ ನೀರಿನಿಂದ ಆದಷ್ಟು ದೂರದಲ್ಲಿ. ನೀರಿನ ಹತ್ತಿರ ನರಿ ಸುಳಿಯುತ್ತದೆ, ಬೇಟೆಹಕ್ಕಿ ಡೇಗೆ ಹದ್ದುಗಣ್ಣಿಟ್ಟು ಕಾಯುತ್ತದೆ. ಮರಿಗಳು ಹುಟ್ಟಿದ ದಿನವೇ ಓಡಾಡುತ್ತವೆ, ತಾವೇ ಕಾಳು ಹೆಕ್ಕಿ ತಿನ್ನುತ್ತವೆ. ಆದರೆ ಒಂದು ತಿಂಗಳವರೆಗೆ ಹಾರಲಾರವು. ಒಣಕಾಳು ತಿಂದ ಗಂಟಲಿಗೆ ನೀರು ಬೇಕಲ್ಲ? ನೀರಿರುವ ಹೊಂಡ ಮೂರು ಹರದಾರಿ ದೂರ. ಅಂದರೆ ಹದಿನೈದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ.

ಅದಕ್ಕೆ ಅಪ್ಪಂದಿರು ಇದ್ದಾರೆ. ದಿನಾ ಬೆಳಿಗ್ಗೆ ಗಂಡು ಗೌಜಲುಗಳೆಲ್ಲ ಬನ್ನಿಮರದ ಬುಡದಲ್ಲಿ ಸೇರುತ್ತವೆ. ಅಲ್ಲಿ ಹಿಟ್ಟಿನಂಥ ನಯವಾದ ಧೂಳಿನ ಗುಳಿ ಇದೆ. ಅದರಲ್ಲಿ ಹೊಟ್ಟೆಯೂರಿ, ಹಿಂದಕ್ಕೂ ಮುಂದಕ್ಕೂ ತೂಗಿ ತೂಗಿ ಮೈಯುಜ್ಜುತ್ತವೆ. ಆಮೇಲೆ ಗುಂಪಾಗಿ ಹೊಂಡಕ್ಕೆ ಹಾರಿ, ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ನಿಲ್ಲುತ್ತವೆ. ಹೊಟ್ಟೆಯ ಗರಿಗಳು ನೀರನ್ನು ಹೀರಿ ಒದ್ದೆಮುದ್ದೆಯಾದ ಮೇಲೆ ಮೂರು ಹರದಾರಿ ಹಾರಿ ಮರಳುತ್ತವೆ. ಮರಿಗಳು ಅಪ್ಪನ ಹೊಟ್ಟೆಯಡಿಗೆ ನುಗ್ಗಿ, ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ನೀರು ಕುಡಿಯುತ್ತವೆ.

ಆ ಬೇಸಿಗೆಯಲ್ಲಿ ಹೊಸದಾಗಿ ಅಪ್ಪನಾದವನು ಹೊಂಗರಿ.

ಹೊಂಗರಿ ಹುಟ್ಟಿದಾಗ ಎಷ್ಟು ಪೇಲವವಾಗಿದ್ದನೆಂದರೆ ಅಣ್ಣತಮ್ಮಂದಿರು ಅವನನ್ನು "ಬೂದಿ" ಎಂದೇ ಕರೆಯುತ್ತಿದ್ದರು. "ಲೋ ಬೂದಿ, ಗಾಳಿ ಬಂದರೆ ಹಾರಿಹೋಗುತ್ತೀಯ!" ಎಂದು ನಗುತ್ತಿದ್ದರು. ಹಳೆಯ ಗರಿ ಉದುರಿ ಹೊಸ ಗರಿ ಬಂದಾಗ ಅವನ ಎದೆ ಹೊಟ್ಟೆಯೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗಿತು. ಬಾಲದ ಬುಡದಲ್ಲಿ ಹಕ್ಕಿಗಳಿಗೆ ಒಂದು ಎಣ್ಣೆಯ ಗುಳ್ಳೆ ಇರುತ್ತದೆ. ಅವನು ಅದರಿಂದ ಕೊಕ್ಕಿಗೆ ಎಣ್ಣೆ ತೆಗೆದುಕೊಂಡು ದಿನಾ ಒಂದೊಂದು ಗರಿಗೂ ಸವರುವುದನ್ನು ಕಲಿತ. ಆಮೇಲೆ ಯಾರೂ ಅವನನ್ನು ಬೂದಿ ಎನ್ನಲಿಲ್ಲ. "ನೋಡ್ರೋ, ಬಿಸಿಲು ಇವನ ಮೈಗೇ ಅಂಟಿಕೊಂಡಿದೆ!" ಎಂದರು. ಹರೆಯದ ಗೌಜಲುಗಳು ಅವನ ಹಿಂದೆ ಹಿಂದೆ ಸುತ್ತಿದವು. ಮೈತುಂಬ ಕಂದು ಚಿತ್ತಾರವಿದ್ದ ಚಿತ್ತಾರಿ ಎಂಬ ಹೆಣ್ಣು ಅವನನ್ನೇ ಮೆಚ್ಚಿ ಮದುವೆಯಾದಳು.

ಹೀಗಿರುವಾಗ ಅವನಿಗೆ ಆ ಹೊಳಪು ಬರೀ ಹೊಳಪಾಗಿ ಉಳಿದೀತೇ? ಅದು ಹೋದರೆ ತಾನು ಮತ್ತೆ ಬೂದಿಯಾಗುತ್ತೇನೆ ಎಂಬ ಹೆದರಿಕೆ ಅವನ ಒಳಗೆ ಎಲ್ಲೋ ಕುಳಿತಿತ್ತು. ಅದನ್ನು ಅವನು ಚಿತ್ತಾರಿಗೂ ಹೇಳಿರಲಿಲ್ಲ.

ಅವರಿಗೆ ಮೂರು ಮರಿಗಳಾದವು. ಸಜ್ಜೆ, ನವಣೆ, ಸಾಸಿವೆ. ಕೊನೆಗೆ ಮೊಟ್ಟೆಯೊಡೆದು ಬಂದ ಸಾಸಿವೆ ಹೆಸರಿಗೆ ತಕ್ಕಷ್ಟೇ ಇದ್ದಳು. ಆದರೆ ಗಂಟಲು ಮಾತ್ರ ಮೂವರಲ್ಲೂ ದೊಡ್ಡದು.

ಆ ದಿನ ಬೆಳಿಗ್ಗೆ ಬನ್ನಿಮರದ ಬುಡದಿಂದ ಕರೆ ಬಂತು. ಕರೆದವನು ಗುಂಪಿನ ಹಿರಿಯ, ಧೂಳಣ್ಣ. ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ಏಳು ಬೇಸಿಗೆ ಮರಿಗಳಿಗೆ ನೀರು ಹೊತ್ತವನು. ಮೈಮೇಲೆ ಸದಾ ಒಂದು ಪದರ ಧೂಳು.

"ಹೊಂಗರಿ, ಬಾರಪ್ಪ. ಇವತ್ತಿನಿಂದ ನೀನೂ ಅಪ್ಪಂದಿರ ಸಾಲಿಗೆ ಸೇರಿದೆ. ಹೊಟ್ಟೆ ಉಜ್ಜು."

"ಏಕೆ?" ಎಂದ ಹೊಂಗರಿ.

"ಏಕೆ ಎಂದರೆ? ನೀರಿಗೆ ಹೋಗುವ ಮೊದಲು ಉಜ್ಜಬೇಕು."

"ಅದೇ, ಏಕೆ ಅಂತ ಕೇಳಿದ್ದು."

ಧೂಳಣ್ಣ ಕಾಲಿನಿಂದ ಕತ್ತು ಕೆರೆದುಕೊಂಡ. "ನಮ್ಮಪ್ಪ ಉಜ್ಜುತ್ತಿದ್ದ. ಅವನಪ್ಪನೂ ಉಜ್ಜುತ್ತಿದ್ದನಂತೆ. ನೀನೂ ಉಜ್ಜು."

"ಅಣ್ಣಾ, ನೀರಿಗಿಳಿಯುವವನು ಮೊದಲು ಮೈಗೆಲ್ಲ ಮಣ್ಣು ಮೆತ್ತಿಕೊಳ್ಳುವುದು ಯಾವ ಊರಿನ ಬುದ್ಧಿ? ಮಕ್ಕಳಿಗೆ ಕೆಸರು ಕುಡಿಸುತ್ತೀರಾ?"

ಸುತ್ತ ನಿಂತಿದ್ದ ಹರೆಯದ ಗೌಜಲುಗಳು ಕಿಸಕ್ಕನೆ ನಕ್ಕವು. "ನನಗೆ ಮಾತು ಬರುವುದಿಲ್ಲಪ್ಪ. ಉಜ್ಜಿದರೆ ಒಳ್ಳೆಯದು, ಅಷ್ಟು ಗೊತ್ತು" ಎಂದು ಹೇಳಿ ಧೂಳಣ್ಣ ಗುಳಿಗೆ ಇಳಿದ. ಎದ್ದಾಗ ಮಣ್ಣಿನ ಹೆಂಟೆಯೊಂದು ಎದ್ದು ಬಂದಂತಿತ್ತು. ಹೊಂಗರಿ ಮೆಲ್ಲಗೆ, "ಹೆಂಟೆ ಸವಾರಿ ಹೊರಟಿತು" ಎಂದ. ಮತ್ತೆ ನಗು.

ಹೊಂಡದಲ್ಲಿ ಹೊಂಗರಿ ಎಲ್ಲರಿಗಿಂತ ಮೊದಲು ನೀರಿಗಿಳಿದ. ಕೆಳಗೆ ಇನ್ನೊಬ್ಬ ಹೊಂಗರಿ ಫಳಫಳ ಹೊಳೆಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಾಕಷ್ಟು ಹೊತ್ತು ನಿಂತು, ಮೈ ಕೊಡವದೆ ಜೋಪಾನವಾಗಿ ಹಾರಿ ಬಂದ.

"ಅಪ್ಪ ಬಂದ! ಅಪ್ಪ ಬಂದ!" ಮೂರೂ ಮರಿಗಳು ಹೊಟ್ಟೆಯಡಿಗೆ ನುಗ್ಗಿದವು. ಎಳೆದವು, ಚೀಪಿದವು, ಮತ್ತೆ ಎಳೆದವು.

"ಅಪ್ಪಾ, ಬರೀ ಗರಿ" ಎಂದಿತು ಸಜ್ಜೆ.

"ಎಣ್ಣೆ ವಾಸನೆ" ಎಂದಿತು ನವಣೆ.

ಗರಿಗಳ ಬುಡದಲ್ಲಿ ಅಲ್ಲಿ ಇಲ್ಲಿ ಸಿಕ್ಕಿಕೊಂಡಿದ್ದ ನಾಲ್ಕಾರು ಹನಿ ಬಿಟ್ಟರೆ ಏನೂ ಇರಲಿಲ್ಲ. ಚಿತ್ತಾರಿ ಗಂಡನ ಮುಖ ನೋಡಿದಳು. "ಏನ್ರೀ ಇದು?"

"ಇತ್ತು, ಚಿತ್ತಾರಿ. ಬೇಕಾದಷ್ಟು ಇತ್ತು. ದಾರಿಯಲ್ಲಿ ಬಿಸಿಗಾಳಿ. ಎಲ್ಲ ಆರಿಹೋಯಿತು."

ಈ ಮಾತು ಹೇಳುವಾಗ ಹೊಂಗರಿಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ. ಗಾಳಿಯದೇ ತಪ್ಪೆಂದು ನಂಬಿದ್ದ.

ಪಕ್ಕದ ಬಿಲದಿಂದ ಒಂದು ತಲೆ ಹೊರಗೆ ಬಂತು. ಅದು ಬಾಲಜ್ಜಿ. ಬಾಲಜ್ಜಿ ಒಂದು ಮುದಿ ಓತಿ, ಬಾಲದ ತುಂಬ ಸಾಲು ಸಾಲು ಮುಳ್ಳು. ಎಲೆ ಚಿಗುರು ತಿಂದೇ ಬದುಕುವ ಆಕೆ ಹುಟ್ಟಿದಾರಭ್ಯ ನೀರು ಕುಡಿದವಳಲ್ಲ. ಬಿಲದ ಬಾಯಲ್ಲಿ ಕುಳಿತು ಬಯಲಿನಲ್ಲಿ ನಡೆಯುವುದನ್ನೆಲ್ಲ ಎಣಿಸಿ ನೆನಪಿಟ್ಟುಕೊಳ್ಳುವುದು ಆಕೆಯ ಹೆಮ್ಮೆ. ಯಾವ ದಿಬ್ಬ ಹೋದ ವರ್ಷ ಎಲ್ಲಿತ್ತು, ಈ ವರ್ಷ ಎಷ್ಟು ಹೆಜ್ಜೆ ಸರಿದಿದೆ, ಎಲ್ಲ ಆಕೆಗೆ ಗೊತ್ತು. ಆಕೆಯ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ.

"ಸಜ್ಜೆ ಎರಡು ಗುಟುಕು. ನವಣೆ ಎರಡು ಗುಟುಕು. ಸಾಸಿವೆ ಒಂದೂವರೆ" ಎಂದಳು ಬಾಲಜ್ಜಿ. "ಅದೇ ಗಾಳಿಯಲ್ಲಿ ಧೂಳಣ್ಣನೂ ಬಂದ. ಅವನ ಮರಿಗಳು ತಲೆಗೆ ಮೂವತ್ತು ಗುಟುಕು ಕುಡಿದವು."

"ಅಜ್ಜಿ, ನಿಮಗೆ ಬೇರೆ ಕೆಲಸ ಇಲ್ಲವೇ?"

"ಇಲ್ಲಪ್ಪ. ತಿನ್ನುವುದು, ಬಿಸಿಲು ಕಾಯಿಸುವುದು, ಎಣಿಸುವುದು. ಮೂರೇ ಕೆಲಸ. ಮೂರನ್ನೂ ಸರಿಯಾಗಿ ಮಾಡುತ್ತೇನೆ."

ಎರಡನೆಯ ದಿನ ಹೊಂಗರಿ ನೀರಿನಲ್ಲಿ ಇಮ್ಮಡಿ ಹೊತ್ತು ನಿಂತ. ಗುಂಪು ಹಾರಿಹೋಯಿತು. ಅವನು ನಿಂತೇ ಇದ್ದ. ನೀರಿನ ಮೇಲೆ ಡೇಗೆಯ ನೆರಳು ಒಂದು ಸುತ್ತು ಹಾಕಿದ್ದನ್ನು ನೋಡಿದ ಮೇಲೆಯೇ ಅವನು ಎದ್ದದ್ದು. ದಾರಿಯುದ್ದಕ್ಕೂ ರೆಕ್ಕೆಯನ್ನು ಜೋರಾಗಿ ಬಡಿದ. ಗಾಳಿಗೆ ಆರಲು ಅವಕಾಶವೇ ಕೊಡಬಾರದು, ನೋಡೇಬಿಡೋಣ ಎಂದುಕೊಂಡ.

ಮರಿಗಳಿಗೆ ಸಿಕ್ಕಿದ್ದು ನಿನ್ನೆಗಿಂತಲೂ ಕಡಿಮೆ.

"ಇವಕ್ಕೆ ಹೀರಲು ಬರುವುದಿಲ್ಲ" ಎಂದ ಹೊಂಗರಿ ಸಿಡುಕಿನಿಂದ. "ನೀನು ಕಲಿಸಿಲ್ಲವೇ?"

ಚಿತ್ತಾರಿಗೆ ರೇಗಿತು. ಬೆಳಗಿನಿಂದ ರೆಕ್ಕೆ ಹರಡಿ ಮರಿಗಳಿಗೆ ನೆರಳು ಕೊಟ್ಟು ಕುಳಿತಿದ್ದಳು. ಅವಳ ಕೊಕ್ಕೂ ಬಿಸಿಲಿಗೆ ತೆರೆದೇ ಇತ್ತು. "ಹುಟ್ಟಿ ಎರಡು ದಿನವಾದ ಮಕ್ಕಳಿಗೆ ನಾನೇನು ಪಾಠಶಾಲೆ ತೆರೆಯಲೇ? ಹಸುಗೂಸಿಗೆ ಹೀರುವುದನ್ನು ಯಾರಾದರೂ ಕಲಿಸುತ್ತಾರೇನ್ರೀ?"

"ಅಮ್ಮಾ, ಗಂಟಲಲ್ಲಿ ಕಾಳು ಸಿಕ್ಕಿಕೊಂಡಿದೆ" ಎಂದು ಸಾಸಿವೆ ಅತ್ತಳು.

"ಇವತ್ತು ಸಾಸಿವೆ ಮುಕ್ಕಾಲು ಗುಟುಕು" ಎಂದಳು ಬಾಲಜ್ಜಿ. ಈ ಸಲ ಆಕೆಯ ದನಿಯಲ್ಲಿ ಕೊಂಕು ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಧೂಳಣ್ಣ ಮತ್ತೆ ಕರೆದ. ಹೊಂಗರಿ ಮುಖ ತಿರುಗಿಸಿದ. ಹೊಂಡದಲ್ಲಿ ಮಾತ್ರ ಅವನಿಗೆ ನೀರಿನಲ್ಲಿ ತನ್ನ ಬಿಂಬದ ಕಡೆ ನೋಡುವ ಮನಸ್ಸಾಗಲಿಲ್ಲ. ತಲೆ ಬಗ್ಗಿಸಿ ತನ್ನ ಹೊಟ್ಟೆಯನ್ನೇ ನೋಡಿದ. ನೀವು ಕೆಸುವಿನ ಎಲೆಯ ಮೇಲೆ ನೀರು ಚೆಲ್ಲಿ ನೋಡಿದ್ದೀರಲ್ಲ? ಮಣಿ ಮಣಿಯಾಗಿ ಉರುಳಿಹೋಗುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ಹೊಂಗರಿಯ ಗರಿಯ ಮೇಲೆಯೂ ನೀರು ಹಾಗೆಯೇ ಉರುಳುತ್ತಿತ್ತು. ಎಣ್ಣೆ ಅದನ್ನು ಒಳಗೆ ಬಿಡುತ್ತಿರಲಿಲ್ಲ.

ಅವನು ಪಕ್ಕಕ್ಕೆ ನೋಡಿದ. ಧೂಳಣ್ಣ ನೀರಿನಿಂದ ಮೇಲಕ್ಕೆ ಬರುತ್ತಿದ್ದ. ಧೂಳು ತೊಳೆದುಹೋಗಿತ್ತು, ಎಣ್ಣೆಯನ್ನೂ ಜೊತೆಗೆ ಒಯ್ದಿತ್ತು. ಹೊಟ್ಟೆಯ ಗರಿಗಳು ಉಬ್ಬಿ, ತೊಟತೊಟನೆ ಸುರಿಸುತ್ತ, ನೆನೆದ ಬಟ್ಟೆಯ ಹಾಗೆ ಭಾರವಾಗಿ ಜೋತಿದ್ದವು.

ಹೊಂಗರಿಗೆ ಎಲ್ಲ ಅರ್ಥವಾಯಿತು. ಧೂಳಣ್ಣ ಹೇಳಲಾರದೆ ಹೋದ ಕಾರಣ ಅವನ ಕಣ್ಣ ಮುಂದೆಯೇ ತೊಟ್ಟಿಕ್ಕುತ್ತಿತ್ತು.

ಹೊಂಡದ ದಡದಲ್ಲೇ ಬೇಕಾದಷ್ಟು ಧೂಳಿತ್ತು. ಅಲ್ಲೇ ಹೊರಳಿ, ಮತ್ತೆ ನೀರಿಗಿಳಿದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸುತ್ತ ಹರೆಯದ ಗೌಜಲುಗಳು ನಿಂತಿದ್ದವು. "ಹೊಂಗರಿ ಅಣ್ಣಾ, ಇವತ್ತು ಹೆಂಟೆಗಿಂತ ಮೊದಲು ಹಾರೋಣ್ವಾ?" ಎಂದು ಒಂದು ಕೇಳಿತು. ಇವುಗಳ ಎದುರಿಗೆ ತಾನು ಮಣ್ಣಿನಲ್ಲಿ ಹೊರಳುವುದೇ? ಎರಡು ದಿನದ ಕೆಳಗೆ ತಾನೇ ಆಡಿದ ಮಾತನ್ನು ತಾನೇ ನುಂಗುವುದೇ? 'ನಾಳೆ, ಯಾರೂ ಏಳುವ ಮೊದಲು ಉಜ್ಜಿಕೊಂಡು ಬರುತ್ತೇನೆ. ಇನ್ನೊಂದೇ ದಿನ' ಎಂದುಕೊಂಡ.

ಮನೆಗೆ ಬಂದಾಗ ಓಡಿ ಬಂದದ್ದು ಎರಡೇ ಮರಿ.

ಸಾಸಿವೆ ಅಮ್ಮನ ರೆಕ್ಕೆಯ ಅಡಿಯಲ್ಲಿ ಕತ್ತು ಚಾಚಿ ಮಲಗಿದ್ದಳು. ಕೊಕ್ಕು ತೆರೆದಿತ್ತು. ಅಷ್ಟು ದೊಡ್ಡ ಗಂಟಲಿನಿಂದ ದನಿ ಬರುತ್ತಿರಲಿಲ್ಲ.

"ನೀರು?" ಎಂದಳು ಚಿತ್ತಾರಿ. ಒಂದೇ ಮಾತು.

"ಇತ್ತು..." ಎಂದ ಹೊಂಗರಿ. "ಗಾಳಿ..."

ಈ ಸಲ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಮಾತು ನಾಲಿಗೆಯ ಮೇಲೆ ಮರಳಿನ ಹಾಗೆ ಅಂಟಿಕೊಂಡಿತು.

ಬಾಲಜ್ಜಿ ಬಿಲದಿಂದ ಪೂರ್ತಿ ಹೊರಗೆ ಬಂದಳು. ಡೇಗೆ ಸುಳಿಯುವ ಬಯಲಿನಲ್ಲಿ ಬಿಲ ಬಿಟ್ಟು ಬರುವುದು ಆಕೆಗೆ ಅಪಾಯವೇ. ಆದರೂ ಬನ್ನಿಮರದ ಕಡೆ ಮುಖ ಮಾಡಿ ಕೂಗಿದಳು. "ಏ ಧೂಳಣ್ಣ! ನಿನ್ನ ಮಕ್ಕಳು ಕುಡಿದು ಮಿಕ್ಕಿದ್ದರೆ ಬೇಗ ಬಾ!"

ಧೂಳಣ್ಣ ಓಡೋಡಿ ಬಂದ. ಅವನ ಮರಿಗಳು ಕುಡಿದ ಮೇಲೂ ಗರಿಗಳಲ್ಲಿ ಸ್ವಲ್ಪ ಪಸೆ ಉಳಿದಿತ್ತು. ಸಜ್ಜೆ, ನವಣೆ ಯಾರನ್ನೂ ಕೇಳದೆ ಅವನ ಹೊಟ್ಟೆಯಡಿಗೆ ನುಗ್ಗಿ ಚಪ್ಪರಿಸತೊಡಗಿದವು. ತನ್ನ ಮಕ್ಕಳು ಬೇರೊಬ್ಬನ ಹೊಟ್ಟೆಯಡಿಯಲ್ಲಿ ಜೀವ ಹಿಡಿದುಕೊಳ್ಳುವುದನ್ನು ಹೊಂಗರಿ ನಿಂತು ನೋಡಿದ. ಅವನ ಮೈ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಚಿತ್ತಾರಿ ಸಾಸಿವೆಯನ್ನು ಮೆಲ್ಲಗೆ ತಳ್ಳಿಕೊಂಡು ತರುವಷ್ಟರಲ್ಲಿ ಧೂಳಣ್ಣನ ಗರಿಗಳು ಹೆಚ್ಚುಕಡಿಮೆ ಒಣಗಿಹೋಗಿದ್ದವು. ಕೊನೆಯ ಒಂದು ಹನಿ ಸಾಸಿವೆಯ ಕೊಕ್ಕಿನ ಮೇಲೆ ಬಿತ್ತು. ಅವಳ ಗಂಟಲು ಒಮ್ಮೆ ಅಲುಗಿತು.

"ನಾನೇ ಇನ್ನೊಂದು ಸಲ ಹೋಗಿ ಬರುತ್ತಿದ್ದೆ" ಎಂದ ಧೂಳಣ್ಣ. "ಈ ವಯಸ್ಸಿಗೆ ದಿನಕ್ಕೆ ಎರಡು ಸಲ ಆಗುವುದಿಲ್ಲಮ್ಮ. ನಡುದಾರಿಯಲ್ಲೇ ಬಿದ್ದುಬಿಡುತ್ತೇನೆ. ನಾಳೆ ಬೆಳಿಗ್ಗೆ..."

"ನಾಳೆ ಬೆಳಿಗ್ಗೆ ಎಣಿಸುವಾಗ ಎರಡೇ ಇರುತ್ತವೆ" ಎಂದಳು ಬಾಲಜ್ಜಿ. ಆಕೆಯ ಲೆಕ್ಕ ತಪ್ಪಿದ್ದನ್ನು ಕಂಡವರಿರಲಿಲ್ಲ.

ಹೊಂಗರಿ ಬಾಯಿ ತೆರೆದ. ಮೂರು ಹರದಾರಿ ಹಾರುವುದಕ್ಕಿಂತ ಮುಂದಿನ ಮಾತು ಹೇಳುವುದು ಅವನಿಗೆ ಕಷ್ಟವಾಯಿತು.

"ಚಿತ್ತಾರಿ, ಗಾಳಿ ಆರಿಸಲಿಲ್ಲ. ನನ್ನ ಮೈಯಲ್ಲಿ ನೀರು ನಿಲ್ಲುವುದೇ ಇಲ್ಲ. ಎಣ್ಣೆ. ಬೆಳಿಗ್ಗೆಯೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನೆ ಬಂದೆ."

ಚಿತ್ತಾರಿ ಅವನನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

"ಬೈಯುವುದಕ್ಕೆ ನನ್ನ ಗಂಟಲಲ್ಲೂ ಪಸೆಯಿಲ್ಲ" ಎಂದಳು. "ಹೋಗಿ ತನ್ನಿ."

ಹೊಂಗರಿ ಧೂಳಣ್ಣನ ಕಡೆ ತಿರುಗಿದ. "ಅಣ್ಣಾ, ನಾನು ಆಡಿದ ಮಾತೆಲ್ಲ ಹೊಟ್ಟೆಗೆ ಹಾಕಿಕೊಂಡುಬಿಡಿ. ಹೇಗೆ ಉಜ್ಜಬೇಕು, ಹೇಳಿಕೊಡಿ."

"ಯಾವ ಮಾತು? ನನಗೆ ನೆನಪಿಲ್ಲಪ್ಪ" ಎಂದ ಧೂಳಣ್ಣ. ಚೆನ್ನಾಗಿಯೇ ನೆನಪಿತ್ತು. "ಬಾ, ಗುಳಿಗೆ ಇಳಿ."

ಬನ್ನಿಮರದ ನೆರಳಲ್ಲಿ ಹರೆಯದ ಗೌಜಲುಗಳು ತೂಕಡಿಸುತ್ತಿದ್ದವು. ಹೊಂಗರಿ ಧೂಳಿಗೆ ಇಳಿದದ್ದನ್ನು ಕಂಡು ಒಂದೊಂದಾಗಿ ಕತ್ತೆತ್ತಿದವು.

"ಹೊಟ್ಟೆ ಒತ್ತು. ಹಿಂದಕ್ಕೆ, ಮುಂದಕ್ಕೆ. ಹಾಗಲ್ಲ, ನೆಲಕ್ಕೆ ಅಂಟಿಕೋ. ಮೊಟ್ಟೆಗೆ ಕಾವು ಕೊಡುವಾಗ ಕೂರುವುದಿಲ್ಲವೇ, ಹಾಗೆ."

"ಸಾಕಾ?"

ಧೂಳಣ್ಣ ಕೊಕ್ಕಿನಿಂದ ಒಂದು ಗರಿ ಎಳೆದು ನೋಡಿದ. "ಅಯ್ಯೋ ಮಾರಾಯ, ವರ್ಷದ ಎಣ್ಣೆ ಕುಳಿತಿದೆ. ಇನ್ನೂ ಉಜ್ಜು."

ಉಜ್ಜಿದ. ಕಣ್ಣಿಗೆ ಧೂಳು ನುಗ್ಗಿತು, ಮೂಗಿಗೆ ನುಗ್ಗಿತು. ಹೊನ್ನಿನ ಬಣ್ಣ ಮಸುಕಾಯಿತು, ಕಂದಾಯಿತು, ಕೊನೆಗೆ ಬೂದಿಯ ಬಣ್ಣಕ್ಕೆ ಬಂತು. ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದು ಆಗಿಯೇಹೋಗಿತ್ತು. ಹೆದರಲು ಅವನಿಗೆ ಪುರಸೊತ್ತಿರಲಿಲ್ಲ.

"ಇನ್ನೂ?"

"ಇನ್ನೂ ಸ್ವಲ್ಪ. ಹಾಂ. ಈಗ ಹೋಗು. ನೋಡು, ನಡುಮಧ್ಯಾಹ್ನ ಒಬ್ಬನೇ ಹೋಗುತ್ತಿದ್ದೀಯ. ಗುಂಪಿನ ನೂರು ಕಣ್ಣು ಜೊತೆಗೆ ಇರುವುದಿಲ್ಲ. ಹೊಂಡದ ಮೇಲೆ ನೇರವಾಗಿ ಇಳಿಯಬೇಡ. ದೂರದಲ್ಲಿ ಇಳಿದು ನಡೆದು ಹೋಗು."

ಹರೆಯದ ಒಂದು ಗೌಜಲು ಎದ್ದು ನಿಂತು ತಡವರಿಸುತ್ತ ಕೇಳಿತು. "ಹೊಂಗರಿ ಅಣ್ಣಾ, ಇದೇನು ಅವತಾರ?"

"ಆಮೇಲೆ ಹೇಳುತ್ತೇನೆ ಕಣೋ. ಈಗ ದಾರಿ ಬಿಡು" ಎಂದು ಹೊಂಗರಿ ಹಾರಿದ.

ಮಧ್ಯಾಹ್ನದ ಮರುಭೂಮಿ ಹೇಗಿರುತ್ತದೆ ಗೊತ್ತೇ? ಜಿಂಕೆಗಳು ಬನ್ನಿಮರದ ನೆರಳನ್ನು ಹಂಚಿಕೊಂಡು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ನರಿ ಬಿಲದ ಆಳಕ್ಕೆ ಇಳಿದಿರುತ್ತದೆ. ದಿಬ್ಬಗಳ ಅಂಚು ಬಿಸಿಲಝಳಕ್ಕೆ ನಡುಗುವಂತೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಆಕಾಶದಲ್ಲಿ ಇದ್ದದ್ದು ಎರಡೇ ಜೀವ. ಒಬ್ಬ ಹೊಂಗರಿ. ಅವನ ಮೇಲೆ, ಬಹಳ ಮೇಲೆ, ಡೇಗೆ.

ಹೊಂಗರಿ ಹೊಂಡಕ್ಕೆ ಇನ್ನೂರು ಹೆಜ್ಜೆ ದೂರದಲ್ಲಿ ಇಳಿದ. ಕಲ್ಲುಗಳ ನಡುವೆ ನಾಲ್ಕು ಹೆಜ್ಜೆ ಇಡುವುದು, ಮುದುರಿ ಕೂರುವುದು. ಮತ್ತೆ ನಾಲ್ಕು ಹೆಜ್ಜೆ. ಡೇಗೆಯ ನೆರಳು ಅವನ ಬೆನ್ನ ಮೇಲೆಯೇ ಹಾದುಹೋಯಿತು. ಅವನು ಕಣ್ಣನ್ನೂ ಪಿಳುಕಿಸಲಿಲ್ಲ. ಡೇಗೆ ಕೆಳಗೆ ನೋಡಿತು. ಕಲ್ಲು, ಮಣ್ಣು, ಕಲ್ಲು. ಹೊಳೆಯುವುದೇನೂ ಕಾಣಲಿಲ್ಲ. ರೆಕ್ಕೆ ಓರೆ ಮಾಡಿ ದಿಬ್ಬಗಳ ಆಚೆಗೆ ಹೋಯಿತು.

ಹೊಂಗರಿ ನೀರಿಗಿಳಿದ. ಧೂಳು ಹೊಗೆಯ ಹಾಗೆ ನೀರಿನಲ್ಲಿ ಹರಡಿತು. ಅವನ ಬಿಂಬ ಕದಡಿಹೋಯಿತು. ಮೊದಲ ಬಾರಿಗೆ ನೀರು ಗರಿಯೊಳಗೆ ಇಳಿದು ಚರ್ಮಕ್ಕೆ ತಾಗಿತು. ತಣ್ಣಗೆ, ಹೊಟ್ಟೆಯುದ್ದಕ್ಕೂ. ಇದು ಹೀಗಿರುತ್ತದೆಯೇ ಎಂದು ಅವನು ಬೆರಗಾದ. ಗರಿಗಳು ಒಂದೊಂದೇ ಬಿಚ್ಚಿಕೊಂಡು ಕುಡಿದವು. ಸಾಕೆನಿಸಿದ ಮೇಲೂ ಇನ್ನೊಂದು ಚೂರು ಹೊತ್ತು ನಿಂತ, ಮೈಯನ್ನು ಅತ್ತ ಇತ್ತ ಅಲುಗಿಸಿ ಮೂಲೆಮೂಲೆಗೂ ನೀರು ಸೇರಿಸಿಕೊಂಡ.

ಏಳಲು ಹೋದರೆ ಮೈ ಏಳಲೇ ಇಲ್ಲ! ನೀರಿಗೆ ಅಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಧೂಳಣ್ಣ ಏಳು ಬೇಸಿಗೆ ಈ ಭಾರ ಹೊತ್ತದ್ದು ನೆನಪಾಯಿತು. ಕಾಲನ್ನು ನೆಲಕ್ಕೆ ಒದ್ದು, ಎರಡನೆಯ ಪ್ರಯತ್ನಕ್ಕೆ ಮೇಲೆದ್ದ.

ಮೊದಲ ಹರದಾರಿ ದಾಟುವಾಗ ಉಸಿರು ಬಿಗಿಯಿತು. ಎರಡನೆಯದರಲ್ಲಿ ರೆಕ್ಕೆಯ ಕೀಲು ಉರಿಯತೊಡಗಿತು. ನಿಜವಾಗಿಯೂ ಬಿಸಿಗಾಳಿ ಎದುರಾಯಿತು. ಹೊರಗಿನ ಗರಿಗಳು ಆರುತ್ತಿದ್ದವು. ಅವನು ಹೊಟ್ಟೆಯನ್ನು ಬಿಗಿಹಿಡಿದು, ಒಳಗಿನ ಗರಿಗಳನ್ನು ಮುಚ್ಚಿಕೊಂಡು, ನೆಲಕ್ಕೆ ಹತ್ತಿರವಾಗಿ ಹಾರಿದ. ಮನೆಯೆಂದರೆ ಬಯಲಿನಲ್ಲಿ ಒಂದು ಸಣ್ಣ ತಗ್ಗು ಅಷ್ಟೇ. ಅದು ಕಂಡಾಗ ಇಳಿಯಲಿಲ್ಲ, ಬಿದ್ದ ಎಂದರೂ ಸರಿಯೇ.

ಸಜ್ಜೆ ಬೆಚ್ಚಿಬಿದ್ದು ಅಮ್ಮನ ಹಿಂದೆ ಅಡಗಿತು. "ಅಮ್ಮಾ, ಯಾರೋ ಬಂದರು!"

"ಯಾರೋ ಅಲ್ಲ" ಎಂದಳು ಚಿತ್ತಾರಿ. "ನಿಮ್ಮಪ್ಪ. ದಾರಿ ಬಿಡಿ, ಮೊದಲು ಸಾಸಿವೆಗೆ."

ಹೊಂಗರಿ ಸಾಸಿವೆಯ ಪಕ್ಕದಲ್ಲಿ ನಿಂತು, ಗರಿಗಳನ್ನು ಬಿಡಿಸಿ, ಹೊಟ್ಟೆಯನ್ನು ಅವಳ ಕೊಕ್ಕಿಗೆ ತಾಗಿಸಿದ. ಅವಳು ಅಲುಗಲಿಲ್ಲ. ಬಾಲಜ್ಜಿ ಬಿಲಕ್ಕೆ ಹೋಗದೆ ಅಲ್ಲೇ ಕಾದಿದ್ದಳು. ಧೂಳಣ್ಣನೂ ಇದ್ದ.

ಒಂದು ಹನಿ ಕೊಕ್ಕಿನೊಳಗೆ ಇಳಿಯಿತು. ಇನ್ನೊಂದು. ಮೂರನೆಯ ಹನಿ ಪಕ್ಕಕ್ಕೆ ಜಾರಿ ಮರಳಿಗೆ ಬಿತ್ತು. ಹೊಂಗರಿ ಇನ್ನೂ ಸ್ವಲ್ಪ ಬಾಗಿದ.

ಸಾಸಿವೆಯ ಗಂಟಲು ಗುಳಕ್ಕೆಂದಿತು.

"ಒಂದು" ಎಂದಳು ಬಾಲಜ್ಜಿ, ಪಿಸುಮಾತಿನಲ್ಲಿ.

ಮತ್ತೆ ಗುಳಕ್. ಆಮೇಲೆ ಸಾಸಿವೆ ತಾನಾಗಿಯೇ ಒಂದು ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಎಳೆದಳು. ಎಳೆದು ಚೀಪಿದಳು. ಇನ್ನೊಂದು ಗರಿ. ಮತ್ತೊಂದು. ಕುತ್ತಿಗೆ ನೆಟ್ಟಗಾಯಿತು. ಕಾಲೂರಿ ಕುಳಿತಳು. ಕುಳಿತವಳು ಮೆಲ್ಲಗೆ ಎದ್ದು ಹೊಟ್ಟೆಯಡಿಗೆ ನುಗ್ಗಿದಳು. ಬಾಲಜ್ಜಿ ಹದಿನೇಳರವರೆಗೆ ಎಣಿಸಿದಳು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಎಣಿಸುವುದನ್ನು ನಿಲ್ಲಿಸಿ, "ಅಬ್ಬಾ, ಕುಡೀ ಮಗಳೇ, ಕುಡಿ" ಎಂದಳು.

ಸಜ್ಜೆ, ನವಣೆ ಇನ್ನು ತಡೆಯಲಾರದೆ ಪಕ್ಕದಿಂದ ನುಗ್ಗಿದವು. ಮೂವರೂ ತಳ್ಳಾಡಿದರು, ಜಗ್ಗಿದರು. ಹೊಂಗರಿ ಬೀಳಬಾರದೆಂದು ಹುಲ್ಲಿನ ಬುಡಕ್ಕೆ ಮೈ ಆನಿಸಿಕೊಂಡು ನಿಂತ. ಅವನ ಗರಿಗಳು ಕೆದರಿ, ಕೆಸರು ಮೆತ್ತಿ, ಗುರುತು ಸಿಗದಂತಾಗಿದ್ದವು. ಚಿತ್ತಾರಿ ಬಂದು, ಬಿಸಿಲು ಬೀಳದಂತೆ ಅವನ ಮೇಲೂ ಒಂದು ರೆಕ್ಕೆ ಚಾಚಿದಳು.

ಹೊಟ್ಟೆಯ ಗರಿಗಳ ನಡುವಿನಿಂದ ಸಾಸಿವೆ ಒದ್ದೆ ತಲೆ ಹೊರಗೆ ಹಾಕಿದಳು. ಎಳೆಯ ದನಿ ಮತ್ತೆ ಬಂದಿತ್ತು, ಮೊದಲಿನಷ್ಟೇ ಜೋರಾಗಿ.

"ಅಪ್ಪಾ, ಇನ್ನೂ ಇದೆಯಾ?"

"ಇದೆ, ಮಗಳೇ" ಎಂದ ಹೊಂಗರಿ. "ಇದೆ."

ನೀತಿ: ನಮ್ಮನ್ನೇ ನಂಬಿದವರ ಬಾಯಾರಿಕೆಯನ್ನು ತಣಿಸಲಾರದ ಅಂದಕ್ಕೆ ಬೆಲೆಯಿಲ್ಲ, ತಪ್ಪು ತಿಳಿದ ಕ್ಷಣವೇ ಸಂಕೋಚ ಬಿಟ್ಟು ತಿದ್ದಿಕೊಳ್ಳಬೇಕು, ಏಕೆಂದರೆ ನಮ್ಮ 'ನಾಳೆ'ಗಾಗಿ ಅವರು ಕಾಯಲಾರರು.